ಮಗಳ ಅಂಜಿಕೆಗೆ ಅವಳನ್ನು ಅಜ್ಜಿ ಮನೆಯಲ್ಲಿ ಬಿಟ್ಟಿದ್ದೇ ಕಾರಣವೇ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಒಳ್ಳೆ ಮಾರ್ಕ್ಸ್ ತೆಗೆದಳು. ಈಗ ತುಮಕೂರಿನಲ್ಲಿ ಫಸ್ಟ್ ಪಿಯುಸಿ ಕಾಮರ್ಸ್. ಕಾಲೇಜು ಶುರುವಾದಾಗಿನಿಂದ ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲವಂತೆ. ಊಟದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಸೆಮಿನಾರ್ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಡಾಕ್ಟರಿಗೆ ತೋರಿಸಿದೆ, ಏನೂ ತೊಂದರೆ ಇಲ್ಲ ಅಂದರು. ಏನಾಯ್ತು ಅಂತ ಕೇಳಿದರೆ "ಏನಿಲ್ಲ ಬಿಡಮ್ಮ" ಅಂತ ರೂಮಿಗೆ ಹೋಗುತ್ತಾಳೆ. ಈಗ ಕಾಲೇಜು ಬಿಟ್ಟು, ಮನೆಯಲ್ಲೇ ಓದಿ ಪ್ರೈವೇಟಾಗಿ ಪರೀಕ್ಷೆ ಕಟ್ಟುತ್ತೇನೆ ಅನ್ನುತ್ತಿದ್ದಾಳೆ. ಅವಳಿಗೆ ಒಂದೂವರೆ ವರ್ಷವಿದ್ದಾಗ ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ನೋಡಿಕೊಳ್ಳುವವರಿಲ್ಲದೆ ಅರಸೀಕೆರೆ ಹತ್ತಿರ ನಮ್ಮಮ್ಮನ ಊರಿನಲ್ಲಿ ಬಿಟ್ಟಿದ್ದೆ. ಐದು ವರ್ಷಕ್ಕೆ ಕರೆದುಕೊಂಡು ಬಂದೆ. ಚಿಕ್ಕಂದಿನಲ್ಲಿ ತಾಯಿಯಿಂದ ದೂರವಾದ ಮಕ್ಕಳಿಗೆ ಅಟ್ಯಾಚ್‌ಮೆಂಟ್ ಸಮಸ್ಯೆಯಾಗಿ ಜನ ಕಂಡರೆ ಭಯ ಬರುತ್ತದೆ ಅಂತ ಮೊನ್ನೆ ಒಂದು ರೀಲ್ಸ್‌ನಲ್ಲಿ ನೋಡಿದೆ. ಅವತ್ತಿನಿಂದ ನಿದ್ದೆ ಇಲ್ಲ. ತಪ್ಪು ನನ್ನದೇನಾ? ಕಾಲೇಜು ಬಿಡಿಸಲಾ?

ಉತ್ತರ: ಕಾಲೇಜಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ. ಆ ಮೂರೂವರೆ ವರ್ಷವನ್ನೂ ಈಗಿನ ಅಂಜಿಕೆಯನ್ನೂ ಹೀಗೆ ನೇರವಾಗಿ ಗಂಟು ಹಾಕಲು ಬರುವುದಿಲ್ಲ. ಅರ್ಧ ನಿಮಿಷದ ರೀಲ್ಸ್ ಹಾಕುತ್ತದೆ, ಅದಕ್ಕೇನು ಹೋಗುತ್ತದೆ.

ಆ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಜಾನ್ ಬೌಲ್ಬಿ ಎಂಬ ಬ್ರಿಟನ್ನಿನ ಮನೋವೈದ್ಯರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದುಕೊಟ್ಟರು. ತಾಯಿಯ ಆರೈಕೆ ಸಿಗದ ಮಕ್ಕಳ ಮನಸ್ಸಿಗೆ ಪೆಟ್ಟಾಗುತ್ತದೆ ಎಂಬುದು ಅದರ ಸಾರ. ಆದರೆ ಅವರ ಮುಂದಿದ್ದ ಪುರಾವೆಯಲ್ಲಿ ಬಹುಪಾಲು ಅನಾಥಾಲಯ, ಆಸ್ಪತ್ರೆಗಳಲ್ಲಿ ಬೆಳೆದ ಮಕ್ಕಳದ್ದು. ಅಲ್ಲಿ ಮಗುವಿಗೆ ನನ್ನವರು ಅಂತ ಒಬ್ಬರೂ ಇರುತ್ತಿರಲಿಲ್ಲ. 1972ರಲ್ಲಿ ಮೈಕೆಲ್ ರಟ್ಟರ್ ಎಂಬ ಇನ್ನೊಬ್ಬ ಮನೋವೈದ್ಯರು ಇದನ್ನೆಲ್ಲ ಬಿಡಿಸಿ ನೋಡಿದರು. ತಾಯಿಯಿಂದ ದೂರ ಇರುವುದು ಒಂದು, ಆರೈಕೆಯೇ ಇಲ್ಲದಿರುವುದು ಇನ್ನೊಂದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂದರು. ನಿಮ್ಮ ಮಗಳು ಅಜ್ಜಿಯ ಮಡಿಲಲ್ಲಿದ್ದಳು. ಅನಾಥಾಲಯದಲ್ಲಿ ಅಲ್ಲ.

ಮಗು ಹೆತ್ತವರಿಗೇ ಅಂಟಿಕೊಳ್ಳಬೇಕು ಅಂತೇನಿಲ್ಲ. ಅತ್ತಾಗ ಎತ್ತಿಕೊಳ್ಳುವವರು, ಹಸಿದಾಗ ಉಣಿಸುವವರು, ರಾತ್ರಿ ಪಕ್ಕದಲ್ಲಿ ಮಲಗುವವರು ಯಾರೋ ಅವರಿಗೆ ಅಂಟಿಕೊಳ್ಳುತ್ತದೆ. ಒಬ್ಬರಿಗಿಂತ ಹೆಚ್ಚು ಜನಕ್ಕೂ ಅಂಟಿಕೊಳ್ಳುತ್ತದೆ. 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಮನೆಯಲ್ಲೇ ಕೂತು ಗಮನಿಸಿದ ಮೇರಿ ಐನ್ಸ್‌ವರ್ತ್ ಈ ವಿಷಯದ ದೊಡ್ಡ ಹೆಸರು. ಎಷ್ಟು ಹೊತ್ತು ಜೊತೆಗಿದ್ದರು ಅನ್ನುವುದಕ್ಕಿಂತ, ಮಗುವಿನ ಸೂಚನೆ ಅರ್ಥಮಾಡಿಕೊಂಡು ಹೇಗೆ ಸ್ಪಂದಿಸಿದರು ಅನ್ನುವುದೇ ಮುಖ್ಯ ಎಂದು ಅವರ ಮುಂದಿನ ಕೆಲಸವೆಲ್ಲ ಹೇಳಿತು.

ಇಲ್ಲಿ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಲೇ? ನೀವು ಅವಳ ಒಂದೂವರೆ ವರ್ಷ ವಯಸ್ಸಿನಲ್ಲಾದ ಅಗಲಿಕೆಯ ಬಗ್ಗೆ ಕೊರಗುತ್ತಿದ್ದೀರಿ. ಆದರೆ ಐದನೇ ವರ್ಷಕ್ಕೆ ಅವಳು ಅಜ್ಜಿಯನ್ನು ಬಿಟ್ಟು ಬಂದಳಲ್ಲ, ಅದೂ ಅಗಲಿಕೆಯೇ ಅಲ್ವಾ? ನಮಗೆ ಅದು ಮಗಳು ಮನೆಗೆ ಬಂದ ಸಂಭ್ರಮ. ಅವಳಿಗೆ ದಿನಾ ತಲೆ ಬಾಚುತ್ತಿದ್ದ ಅಜ್ಜಿ, ಆ ಅಂಗಳ, ಜೊತೆಗಾರರು ಎಲ್ಲಾ ಒಂದೇ ಬಸ್ಸಿನಲ್ಲಿ ಹಿಂದೆ ಉಳಿದ ದಿನ. ಆಗ ಅವಳು ಅತ್ತಳಾ? ಅತ್ತಾಗ "ಇಷ್ಟು ದಿನ ಆದಮೇಲೆ ಅಮ್ಮನ ಹತ್ರ ಬಂದಿದ್ದೀಯ, ಅಳ್ತಾರಾ?" ಅಂತ ಯಾರಾದರೂ ಬಾಯಿ ಮುಚ್ಚಿಸಿದರಾ? ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಪತ್ರ ಓದಿ ಅದನ್ನು ಹೇಳಲು ಯಾರಿಗೂ ಆಗುವುದಿಲ್ಲ. ಆದರೆ ನಾನು ನೋಡುವ ಎಷ್ಟೋ ಮನೆಗಳಲ್ಲಿ ಈ ಎರಡನೇ ಅಗಲಿಕೆಯ ಬಗ್ಗೆ ಮಾತೇ ಆಗಿರುವುದಿಲ್ಲ.

ಈಗ ಬಾಂಧವ್ಯಕ್ಕೂ (ರೀಲ್ಸ್‌ನವರು ಅಟ್ಯಾಚ್‌ಮೆಂಟ್ ಅಂದಿದ್ದು ಇದನ್ನೇ) ಜನರ ಭಯಕ್ಕೂ ಏನು ಸಂಬಂಧ ಅಂತ ನೋಡೋಣ. ಸಂಬಂಧ ಇದೆ. 2011ರಲ್ಲಿ 46 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಒಂದು ವಿಶ್ಲೇಷಣೆಯಲ್ಲಿ, ಭದ್ರವಲ್ಲದ ಬಾಂಧವ್ಯಕ್ಕೂ ಮಕ್ಕಳ ಆತಂಕಕ್ಕೂ ನಡುವೆ 0.30ರಷ್ಟು ಸಂಬಂಧ ಕಂಡಿತು. ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಒಂದು ಅಂದರೆ ಪೂರ್ತಿ ಸಂಬಂಧ. ಒಂದು ಮಗುವಿಗೂ ಇನ್ನೊಂದಕ್ಕೂ ಆತಂಕದಲ್ಲಿ ಎಷ್ಟು ವ್ಯತ್ಯಾಸ ಇರುತ್ತದೋ ಅದರಲ್ಲಿ ನೂರಕ್ಕೆ ಒಂಬತ್ತು ಪಾಲಿಗೆ ಇದು ಲೆಕ್ಕ ಕೊಡುತ್ತದೆ ಅಷ್ಟೇ. ಮಿಕ್ಕಿದ್ದಕ್ಕೆ ಹುಟ್ಟು ಸ್ವಭಾವ, ಶಾಲೆ, ಗೆಳೆಯರು, ಯಾರೋ ಆಡಿಕೊಂಡ ಮಾತು ಹೀಗೆ ಬೇರೆ ಬೇರೆ ಕಾರಣ. ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ, ಹೊಸ ಸದ್ದು ಇಟ್ಟು ನೋಡಿದರು. ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಜೋರಾಗಿ ಬಡಿದು ಅಳುತ್ತಿತ್ತು. ದೊಡ್ಡದಾದಮೇಲೆ ಹೊಸಬರ ಮುಂದೆ ಹಿಂಜರಿಯುವ ಸಾಧ್ಯತೆ ಅಂಥ ಮಕ್ಕಳಲ್ಲಿ ಜಾಸ್ತಿ ಇತ್ತು. ನಾಲ್ಕು ತಿಂಗಳಿಗೆ ಯಾವ ತಾಯಿ ಏನು ತಪ್ಪು ಮಾಡಿರುತ್ತಾಳೆ ಹೇಳಿ. ಅಂಥ ಮಕ್ಕಳಲ್ಲೂ ಎಷ್ಟೋ ಜನಕ್ಕೆ ಮುಂದೆ ಆತಂಕದ ಕಾಯಿಲೆ ಬರಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬೇಕು.

ಹಾಗಾದರೆ ಆ ಒಂಬತ್ತು ಪಾಲಿನ ಒಳಗೆ ಏನು ನಡೆಯುತ್ತದೆ? ನನ್ನ ಪ್ರಕಾರ ನಿಮಗೆ ಉಪಯೋಗವಾಗುವ ಮಾತು ಇರುವುದು ಇಲ್ಲಿ. ಎಳೆಗೂಸಿಗೆ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ಬರುವುದಿಲ್ಲ. ದೊಡ್ಡವರು ಎತ್ತಿಕೊಂಡು ಬೆನ್ನು ಸವರಿದಾಗ ಅವರ ಸಮಾಧಾನ ಅದಕ್ಕೆ ಇಳಿಯುತ್ತದೆ. ಇದು ಸಾವಿರಾರು ಸಲ ಆದಮೇಲೆ ಮಗುವಿನ ಮೈ ಒಂದು ಪಾಠ ಕಲಿಯುತ್ತದೆ. ಭಯ ಬರುತ್ತದೆ, ಹೋಗುತ್ತದೆ, ಯಾರಿಗಾದರೂ ಹೇಳಿಕೊಂಡರೆ ಹಗುರಾಗುತ್ತದೆ. ಒಮ್ಮೆ ಸ್ಪಂದಿಸಿ ಒಮ್ಮೆ ಬಿಟ್ಟರೆ ಮಗು ಅಳುವಿನ ಸದ್ದು ಏರಿಸುವುದನ್ನು ಕಲಿಯುತ್ತದೆ. ಅತ್ತಾಗೆಲ್ಲ ಬೈಗುಳ ಬಿದ್ದರೆ ಅಳುವನ್ನೇ ನುಂಗಿಕೊಳ್ಳುವುದನ್ನು ಕಲಿಯುತ್ತದೆ. ಈ ಎರಡೂ ಆ ಕ್ಷಣಕ್ಕೆ ಬುದ್ಧಿವಂತಿಕೆಯೇ. ಹದಿಹರೆಯದಲ್ಲಿ, ಮನೆಯ ಹೊರಗೆ, ಅವೇ ಅಭ್ಯಾಸಗಳು ಕೈಕೊಡುತ್ತವೆ.

ಒಂದು ಸಮಾಧಾನದ ಮಾತು. ಎಡ್ವರ್ಡ್ ಟ್ರಾನಿಕ್ ಎಂಬ ಸಂಶೋಧಕರು ತಾಯಿ-ಕೂಸಿನ ಆಟವನ್ನು ವಿಡಿಯೋ ಮಾಡಿ ಸೆಕೆಂಡ್ ಸೆಕೆಂಡಿಗೂ ನೋಡಿದರು. ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲೂ ತಾಯಿ-ಕೂಸು ತಾಳ ತಪ್ಪುವುದೇ ಜಾಸ್ತಿ ಇತ್ತು. ತಪ್ಪಿದ್ದನ್ನು ಆಮೇಲೆ ಸರಿಮಾಡಿಕೊಳ್ಳುತ್ತಿದ್ದರು, ಅದೇ ದೊಡ್ಡದು. ಸರಿಮಾಡಿಕೊಳ್ಳಲು 16ನೇ ವಯಸ್ಸಿನಲ್ಲೂ ಆಗುತ್ತದೆ.

ಈಗ ನಿಮ್ಮ ಮಗಳ ಕ್ಲಾಸ್‌ರೂಮಿಗೆ ಹೋಗೋಣ. ಇಂಥ ಮಕ್ಕಳು ನನ್ನ ಮುಂದೆ ಕೂತು ಹೇಳುವುದನ್ನೆಲ್ಲ ಸೇರಿಸಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಹಾಜರಿ. ಅವಳ ನಂಬರ್ 41 ಅಂದುಕೊಳ್ಳಿ. 30 ದಾಟುತ್ತಿದ್ದಂತೆ ಎದೆ ಡವಡವ. "ಎಸ್ ಮೇಡಂ" ಅನ್ನುವುದನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಿರುತ್ತಾಳೆ. ಬಾಯಿಂದ ಬಂದಾಗ ದನಿ ಕೀರಲು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವರು ಮೊಬೈಲ್ ನೋಡಿ ನಕ್ಕಿರಬಹುದು, ಇವಳಿಗೆ ಮಾತ್ರ ಅದು ತನ್ನ ದನಿಗೇ. ಆಮೇಲೆ ಅಕೌಂಟೆನ್ಸಿ ಪೀರಿಯಡ್. "ಯಾರಾದರೂ ಬಂದು ಬೋರ್ಡ್ ಮೇಲೆ ಜರ್ನಲ್ ಎಂಟ್ರಿ ಬರೀರಿ" ಅನ್ನುತ್ತಾರೆ ಲೆಕ್ಚರರ್. ಇವಳಿಗೆ ಉತ್ತರ ಗೊತ್ತು. ನೋಟ್‌ಬುಕ್ಕಿನಲ್ಲಿ ಬರೆದೂ ಆಗಿದೆ. ಆದರೆ ಕಣ್ಣು ಲೆಕ್ಕದ ಮೇಲಿಲ್ಲ. ಎಲ್ಲರ ಮುಂದೆ ನಡೆದು ಹೋಗುವ ತನ್ನನ್ನೇ ತಾನು ಹಿಂದಿನಿಂದ ನೋಡುತ್ತಿದ್ದಾಳೆ: ನಡಿಗೆ ಹೇಗಿದೆ, ಕೈ ನಡುಗುತ್ತಾ, ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ? ತಲೆ ತಗ್ಗಿಸಿ ಬ್ಯಾಗಿನಲ್ಲಿ ಪೆನ್ನು ಹುಡುಕುವವಳಂತೆ ನಟಿಸುತ್ತಾಳೆ. ಲೆಕ್ಚರರ್ ಬೇರೆಯವರನ್ನು ಕರೆಯುತ್ತಾರೆ. ಅಬ್ಬಾ ಅನ್ನಿಸುತ್ತದೆ. ಮಧ್ಯಾಹ್ನ ಡಬ್ಬಿ ತೆಗೆಯಲು ಭಯ, ಯಾರ ಜೊತೆ ಕೂರುವುದು? ರಾತ್ರಿ ಹಾಸಿಗೆಯಲ್ಲಿ ಆ "ಎಸ್ ಮೇಡಂ" ಮತ್ತೆ ಮತ್ತೆ ಮೆಲುಕು.

ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಸಾಮಾಜಿಕ ಆತಂಕ ಹೇಗೆ ಉಳಿದುಕೊಳ್ಳುತ್ತದೆ ಅಂತ ವಿವರಿಸಿದ್ದು ಹೆಚ್ಚುಕಡಿಮೆ ಇದನ್ನೇ. ಗಮನವೆಲ್ಲ ತನ್ನ ಮೇಲೇ ತಿರುಗುತ್ತದೆ. ತಲೆ ತಗ್ಗಿಸುವುದು, ಪೆನ್ನು ಹುಡುಕುವುದು, ಮಾಸ್ಕ್ ಹಾಕಿಕೊಳ್ಳುವುದು ಹೀಗೆ ಚಿಕ್ಕಪುಟ್ಟ ರಕ್ಷಣೆಯ ಉಪಾಯಗಳು ಹುಟ್ಟಿಕೊಳ್ಳುತ್ತವೆ. ಅವುಗಳಿಂದಾಗಿ, ಬೋರ್ಡ್ ಹತ್ತಿರ ಹೋಗಿದ್ದರೆ ನಿಜಕ್ಕೂ ಏನಾಗುತ್ತಿತ್ತು ಅಂತ ಗೊತ್ತಾಗುವುದೇ ಇಲ್ಲ. ಇದಕ್ಕೆ ವಯಸ್ಸೂ ಸೇರಿಕೊಳ್ಳುತ್ತದೆ. ಈ ತೊಂದರೆ ಸಾಮಾನ್ಯವಾಗಿ ತಲೆ ಎತ್ತುವುದೇ 13ರ ಆಸುಪಾಸಿನಲ್ಲಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುವ ವಯಸ್ಸದು. 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗವೊಂದಿದೆ. ಹಾಕಿಕೊಳ್ಳಲು ಮುಜುಗರವಾಗುವಂಥ ಟೀಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ತುಂಬಿದ ಕೋಣೆಗೆ ಕಳಿಸಿದರು. ಅರ್ಧಕ್ಕರ್ಧ ಜನ ನೋಡಿರುತ್ತಾರೆ ಅಂತ ಅವರ ಅಂದಾಜು. ನಿಜಕ್ಕೂ ಗಮನಿಸಿದವರು ಕಾಲು ಭಾಗದಷ್ಟು ಮಾತ್ರ. ಇದನ್ನು ಮಗಳಿಗೆ ಹೇಳಿ ನೋಡಿ. ಉಪದೇಶದ ಥರ ಬೇಡ, ಸುಮ್ನೆ ಒಂದು ತಮಾಷೆಯ ಸಂಗತಿ ಥರ.

"ಏನಿಲ್ಲ ಬಿಡಮ್ಮ" ಅನ್ನುವ ಮಾತಿಗೆ ಬರುತ್ತೇನೆ. ಇದು ಭಾವನೆ ನುಂಗಿಕೊಳ್ಳುವ ಕೆಲಸ. ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮುಖದಲ್ಲಿ ತೋರಿಸದೆ ತಡೆಹಿಡಿದರೆ ಒಳಗಿನ ಸಂಕಟ ಕಮ್ಮಿ ಆಗುವುದಿಲ್ಲ, ಮೈ ಇನ್ನಷ್ಟು ಬಿಗಿಯಾಗುತ್ತದೆ. ಆ ಹೊತ್ತಿನಲ್ಲಿ ಕೇಳಿದ ಮಾತೂ ಸರಿಯಾಗಿ ನೆನಪಿರುವುದಿಲ್ಲ. ನನಗೆ ತುಂಬಾ ಮುಖ್ಯ ಅನ್ನಿಸಿದ್ದು 2003ರ ಒಂದು ಪ್ರಯೋಗ. ಪರಿಚಯವಿಲ್ಲದ ಇಬ್ಬಿಬ್ಬರು ಹೆಂಗಸರಿಗೆ ಮನಸ್ಸು ಕಲಕುವ ಚಿತ್ರ ತೋರಿಸಿ ಮಾತಾಡಲು ಬಿಟ್ಟರು. ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಗುಟ್ಟಾಗಿ, ಭಾವನೆ ತೋರಿಸಬೇಡಿ ಅಂದಿದ್ದರು. ಎದುರಿಗೆ ಕೂತವರಿಗೆ ಅದು ಗೊತ್ತೇ ಇಲ್ಲ. ಆದರೂ ಅವರ ಬಿಪಿ ಏರಿತು, ಇವರ ಜೊತೆ ಸ್ನೇಹ ಬೆಳೆಸುವ ಮನಸ್ಸೂ ಕಮ್ಮಿಯಾಯಿತು.

ಅಂದರೆ ನೋಡಿ. ಜನ ನನ್ನನ್ನು ಇಷ್ಟಪಡಲಿಕ್ಕಿಲ್ಲ ಅಂತ ಹೆದರಿ ಹುಡುಗಿ ಮುಖ ಬಿಗಿ ಮಾಡಿಕೊಳ್ಳುತ್ತಾಳೆ. ಪಕ್ಕದ ಬೆಂಚಿನವರಿಗೆ ಕಾಣುವುದು ಭಯವಲ್ಲ, "ಅವಳಿಗೆ ಜಂಬ". ಅವರು ದೂರ ಸರಿಯುತ್ತಾರೆ. ಇವಳು ನನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳುತ್ತಾಳೆ. ಕಾಲೇಜು ಸೇರಿದ ಹೊಸದರಲ್ಲಿ ಇದು ಬೇಗ ಬೇಗ ನಡೆದುಹೋಗುತ್ತದೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಇಂಗ್ಲಿಷಿನ ಅಳುಕೂ ಸೇರುತ್ತದೆ. ಹತ್ತನೇ ಕ್ಲಾಸಿನವರೆಗೆ ಮೇಷ್ಟ್ರ ಮೆಚ್ಚಿನ ವಿದ್ಯಾರ್ಥಿನಿ, ಇಲ್ಲಿ ಒಂದು ವಾಕ್ಯ ಹೇಳಲು ಒದ್ದಾಟ. ಇದು ಚಿಕ್ಕ ಪೆಟ್ಟಲ್ಲ.

ಇನ್ನೊಂದು ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹದಿನೈದು ವರ್ಷ ಮಾತಾಡದಿದ್ದರೆ "ಬಂಗಾರದಂಥ ಹುಡುಗಿ, ಬಾಯೇ ಇಲ್ಲ" ಅಂತ ಹೊಗಳುತ್ತೇವೆ. ತಪ್ಪು ಮಾಡಿದಾಗ "ನಾಲ್ಕು ಜನ ಏನಂತಾರೆ" ಅನ್ನುತ್ತೇವೆ. ನೆಂಟರು ಬಂದು ಅವಳನ್ನು ಏನೋ ಕೇಳಿದರೆ, ಅವಳು ಬಾಯಿ ತೆಗೆಯುವ ಮುಂಚೆ ನಾವೇ ಉತ್ತರ ಹೇಳಿ, "ಅವಳಿಗೆ ನಾಚಿಕೆ ಜಾಸ್ತಿ" ಅಂತ ಅವಳ ಮುಂದೆಯೇ ಮೊಹರು ಒತ್ತುತ್ತೇವೆ. ಪಿಯುಸಿಗೆ ಬಂದ ತಕ್ಷಣ "ಸ್ವಲ್ಪ ಸ್ಮಾರ್ಟ್ ಆಗು, ಎಲ್ಲರ ಹತ್ರ ಮಾತಾಡು" ಅಂತ ಗದರುತ್ತೇವೆ. ಎಲ್ಲಿಂದ ತರಬೇಕು ಅವಳು?

ಇನ್ನು ಏನು ಮಾಡಬಹುದು ಅಂತ ನೋಡೋಣ. ಸಂಜೆ ಕಾಲೇಜಿಂದ ಬಂದ ತಕ್ಷಣ ಬಾಗಿಲಲ್ಲೇ ವಿಚಾರಣೆ ಬೇಡ. ಎದುರಾಬದುರು ಕೂತು "ಹೇಳು, ಏನಾಯ್ತು" ಅಂದರೆ ಅದೂ ಒಂದು ವೈವಾ ಪರೀಕ್ಷೆಯಾಗುತ್ತದೆ. ಇಬ್ಬರ ಕೈಗೂ ಕೆಲಸ ಇರುವಾಗ ಮಾತು ಸಲೀಸು. ಅವರೆಕಾಯಿ ಬಿಡಿಸುತ್ತಲೋ, ಬಟ್ಟೆ ಮಡಚುತ್ತಲೋ. ಅವಳು "ಇವತ್ತು ಎಲ್ಲರೂ ನಕ್ಕರು" ಅಂದಳು ಅಂತಿಟ್ಟುಕೊಳ್ಳಿ. "ಅಯ್ಯೋ, ಅದರಲ್ಲೇನಿದೆ, ತಲೆ ಕೆಡಿಸ್ಕೋಬೇಡ" ಅಂದರೆ ಮಾತು ಅಲ್ಲಿಗೆ ಮುಗಿಯಿತು. "ಯಾರು ನಕ್ಕಿದ್ದು? ನಾಳೆನೇ ಬಂದು ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ" ಅಂದರೆ ಮುಂದೆ ಯಾವತ್ತೂ ಹೇಳುವುದಿಲ್ಲ. "ಎಲ್ಲರ ಮುಂದೆ ಹಾಗಾದಾಗ ತುಂಬಾ ಕಷ್ಟ ಆಗಿರಬೇಕು ಅಲ್ವಾ ಪುಟ್ಟಿ" ಅಂದು ಸುಮ್ಮನಿರಿ. ಆ ಮೌನ ತಡೆದುಕೊಳ್ಳುವುದೇ ಕಷ್ಟ. ನಾಲಿಗೆ ಬುದ್ಧಿಮಾತಿನ ಕಡೆಗೇ ಹೋಗುತ್ತದೆ, ಹಿಡಿದುಕೊಳ್ಳಿ. ಎಳೆಗೂಸಿನ ಬೆನ್ನು ಸವರಿದ್ದು ಏನು ಮಾಡುತ್ತಿತ್ತೋ ಈ ವಯಸ್ಸಿನಲ್ಲಿ ಇದು ಆ ಕೆಲಸ ಮಾಡುತ್ತದೆ.

ಆದರೆ ಕೇಳಿಸಿಕೊಳ್ಳುವುದರಿಂದಲೇ ಭಯ ಹೋಗುವುದಿಲ್ಲ. ಅಂಗಡಿಯಲ್ಲಿ ಅವಳ ಪರವಾಗಿ ನೀವು ಮಾತಾಡುವುದು, ಸೆಮಿನಾರ್ ದಿನ ರಜಾಚೀಟಿ ಬರೆದುಕೊಡುವುದು, ನೆಂಟರು ಬಂದರೆ ರೂಮಲ್ಲೇ ಇರು ಅನ್ನುವುದು, ಇವೆಲ್ಲ ಪ್ರೀತಿಯಿಂದಲೇ ಮಾಡುವ ಕೆಲಸ. ಭಯಕ್ಕೆ ಮೇವು ಹಾಕುವುದೂ ಇವೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲೈ ಲೆಬೋವಿಟ್ಜ್ ಮಗುವನ್ನು ಬಿಟ್ಟು ತಂದೆತಾಯಿಗೆ ಮಾತ್ರ ತರಬೇತಿ ಕೊಡುವ ಚಿಕಿತ್ಸೆಯೊಂದನ್ನು ರೂಪಿಸಿದ್ದಾರೆ. 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು, ಮಕ್ಕಳಿಗೇ ನೇರವಾಗಿ ಕೊಡುವ ಸಿಬಿಟಿಗಿಂತ, ಅಂದರೆ ಮಾತು ಮತ್ತು ಅಭ್ಯಾಸದ ಚಿಕಿತ್ಸೆಗಿಂತ, ಏನೂ ಕಮ್ಮಿಯಿಲ್ಲ ಅಂತ ಕಂಡಿತು. ಅವರು ಕಲಿಸುವ ಮಾತನ್ನು ನಮ್ಮ ಬಾಯಲ್ಲಿ ಹೇಳುವುದಾದರೆ: "ನಿನಗೆ ಭಯ ಆಗ್ತಿದೆ ಅಂತ ಗೊತ್ತು ಕಣಮ್ಮ. ಆದರೂ ನೀನು ಮಾಡ್ತೀಯ ಅಂತ ನನಗೆ ನಂಬಿಕೆ ಇದೆ." ಎರಡೂ ವಾಕ್ಯ ಬೇಕು. ಒಂದನೆಯದಷ್ಟೇ ಆದರೆ ಮುದ್ದು, ಎರಡನೆಯದಷ್ಟೇ ಆದರೆ ಗದರಿಕೆ.

ಅವಳ ಜೊತೆ ಕೂತು ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಮಾಡಿ. ಪೆನ್ನು ಅವಳ ಕೈಯಲ್ಲಿರಲಿ. ಬಸ್ಸಿನಲ್ಲಿ ಕಂಡಕ್ಟರನ್ನು ಅವಳೇ ಸ್ಟಾಪ್ ಕೇಳುವುದು. ಅಂಗಡಿಯಲ್ಲಿ ಕೊಂಡ ಪೆನ್ನು ಬದಲಾಯಿಸಿ ಕೊಡಿ ಅನ್ನುವುದು. ಪಕ್ಕದವಳ ಹತ್ತಿರ ನೋಟ್ಸ್ ಕೇಳುವುದು. ಒಬ್ಬಳ ಜೊತೆ ಕೂತು ಅರ್ಧ ಡಬ್ಬಿಯಾದರೂ ಉಣ್ಣುವುದು. ಕ್ಲಾಸ್ ಮುಗಿದಮೇಲೆ ಲೆಕ್ಚರರ್ ಹತ್ತಿರ ಒಂದು ಡೌಟ್. ಬೋರ್ಡ್ ಕೊನೆಗೆ. ಪ್ರತಿಯೊಂದಕ್ಕೂ ಮುಂಚೆ ಏನಾಗಬಹುದು ಅನ್ನಿಸುತ್ತದೆ ಅಂತ ಬರೆಯಲಿ, ಆಮೇಲೆ ಏನಾಯಿತು ಅಂತ ಬರೆಯಲಿ. ಮಾಡುವಾಗ ಗಮನ ತನ್ನ ಕೈನಡುಕದ ಮೇಲಲ್ಲ, ಎದುರಿಗಿರುವವರ ಮುಖ, ಮಾತಿನ ಮೇಲಿರಲಿ. ಒಂದೇ ಮೆಟ್ಟಿಲನ್ನು ಬೇಸರ ಬರುವಷ್ಟು ಸಲ ಹತ್ತಬೇಕು. ಉಸಿರಾಟದ ಅಭ್ಯಾಸ ಒಳ್ಳೆಯದೇ. ಆದರೆ ಉಸಿರು ಎಣಿಸದೆ ನಾನು ಕ್ಲಾಸಿಗೆ ಕಾಲಿಡುವುದಿಲ್ಲ ಅನ್ನುವ ಮಟ್ಟಕ್ಕೆ ಹೋದರೆ ಅದೂ ಪೆನ್ನು ಹುಡುಕುವ ನಾಟಕದ ಸಾಲಿಗೇ ಸೇರುತ್ತದೆ.

ವಾಂತಿ, ಊಟ ಬಿಡುವುದು, ಕಾಲೇಜು ಬಿಡುವ ಮಾತು ಇಷ್ಟೆಲ್ಲ ಇರುವುದರಿಂದ ಇದನ್ನು ಮನೆಮದ್ದಿಗೇ ಬಿಡಬೇಡಿ. ಇಂಥ ಭಯ ಆರು ತಿಂಗಳಿಗಿಂತ ಹೆಚ್ಚು ಕಾಲ ಇದ್ದು ದಿನದ ಬದುಕಿಗೆ ಅಡ್ಡಿಯಾದರೆ ಅದನ್ನು ಸಾಮಾಜಿಕ ಆತಂಕದ ಕಾಯಿಲೆ ಅಂತ ಗುರುತಿಸುತ್ತಾರೆ. ಸಹಾಯ ಕೇಳಲು ಆರು ತಿಂಗಳು ಕಾಯಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಬೇರೆಯೇ ವಿಭಾಗವಿದೆ. ಈ ವಯಸ್ಸಿನವರಿಗೆ ಮೊದಲ ಚಿಕಿತ್ಸೆ ಆಗಲೇ ಹೇಳಿದ ಸಿಬಿಟಿ. ಮಾತ್ರೆ ಬೇಕಾ ಅನ್ನುವುದನ್ನು ವೈದ್ಯರು ನೋಡಿ ಹೇಳುತ್ತಾರೆ, ಮೆಡಿಕಲ್ ಶಾಪಿನವರಲ್ಲ. ಸಾಯಬೇಕು ಅನ್ನುವಂಥ ಮಾತು ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಅವತ್ತೇ ಕರೆದುಕೊಂಡು ಹೋಗಿ.

ಅಜ್ಜಿ ಮನೆಯ ದಿನಗಳ ಬಗ್ಗೆ ಅವಳ ಹತ್ತಿರ ಮಾತಾಡಿ. ಆದರೆ ಕಣ್ಣೀರು ಹಾಕಿಕೊಂಡು ಕ್ಷಮೆ ಕೇಳಬೇಡಿ. ಆಗ ಅವಳು ತನ್ನ ದುಃಖ ಬಿಟ್ಟು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ನಿಲ್ಲಬೇಕಾಗುತ್ತದೆ. "ಅಜ್ಜಿಯನ್ನ ಬಿಟ್ಟು ಬಂದಾಗ ನಿನಗೆ ಹೇಗನ್ನಿಸ್ತಿತ್ತು? ನಾನು ಅವತ್ತು ಕೇಳಲೇ ಇಲ್ಲ" ಅನ್ನಿ. ಅಜ್ಜಿ ಇದ್ದಾರೆ ಅಂದರೆ ರಜೆಯಲ್ಲಿ ನಾಲ್ಕು ದಿನ ಕಳಿಸಿ. ಸಲೀಸಾಗಿ ಮಾತು ಬರುವ ಜಾಗ ಅವಳಿಗೆ ಅದೂ ಒಂದಿರಬಹುದು.

ಇನ್ನು ಕಾಲೇಜು. ಬಿಡಿಸಬೇಡಿ. ಬಿಡಿಸಿದ ಮೊದಲ ವಾರ ಮನೆಯೆಲ್ಲ ನಿರಾಳ. ಹೊಟ್ಟೆನೋವು ಮಾಯ, ಮುಖದಲ್ಲಿ ನಗು. ಆ ನಿರಾಳವೇ ಮೋಸ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ, ಮುಂದೆ ಡಿಗ್ರಿ, ಇಂಟರ್‌ವ್ಯೂ ಎಲ್ಲಕ್ಕೂ ಅದೇ ದಾರಿ ಹಿಡಿಯುತ್ತಾಳೆ. ಒಂದು ವಿಷಯ ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ: ಯಾರಾದರೂ ನಿಜವಾಗಿಯೂ ಅವಳನ್ನು ಪೀಡಿಸುತ್ತಿದ್ದಾರಾ? ಬಣ್ಣ, ಜಾತಿ, ಇಂಗ್ಲಿಷ್ ಹಿಡಿದು ಆಡಿಕೊಳ್ಳುತ್ತಿದ್ದಾರಾ, ಫೋಟೋ ತೆಗೆದು ಗ್ರೂಪಿನಲ್ಲಿ ಹಾಕಿದ್ದಾರಾ? ಹಾಗಿದ್ದರೆ ಅದು ಅವಳು ಅಭ್ಯಾಸ ಮಾಡಿ ದಾಟಬೇಕಾದ ಭಯವಲ್ಲ. ಕಾಲೇಜಿನವರು ತಡೆದು ನಿಲ್ಲಿಸಬೇಕಾದ ಹಿಂಸೆ. ಅಲ್ಲಿ ನಿಲ್ಲಿಸದಿದ್ದರೆ ಬೇರೆ ಕಾಲೇಜಿಗೆ ಹಾಕಿ, ತಪ್ಪೇನಿಲ್ಲ.

ಹಾಗೇನೂ ಇಲ್ಲದಿದ್ದರೆ, ಮಗಳನ್ನು ಕೇಳಿಕೊಂಡು, ಅವಳಿಗೆ ಸ್ವಲ್ಪ ಹಿಡಿಸುವ ಒಬ್ಬ ಲೆಕ್ಚರರ್ ಹತ್ತಿರ ಮಾತಾಡಿ. ಸೆಮಿನಾರ್‌ನಿಂದ ವಿನಾಯಿತಿ ಕೇಳಬೇಡಿ. ಮೊದಲ ಸಲ ಕೂತಲ್ಲಿಂದಲೇ ನೋಡಿ ಓದಲು ಬಿಡಿ, ಎರಡನೇ ಸಲ ಇಬ್ಬರು ಸೇರಿ ಮಾಡಲಿ, ಆಮೇಲೆ ಒಬ್ಬಳೇ ಮಾಡಲಿ ಅಂತ ಕೇಳಿ. ಕನ್ನಡದಲ್ಲಿ ಶುರು ಮಾಡಿ ಮಧ್ಯೆ ಇಂಗ್ಲಿಷ್ ಸೇರಿಸಬಹುದಾ ಅಂತಲೂ ಕೇಳಿ. ಬಹಳಷ್ಟು ಲೆಕ್ಚರರ್‌ಗಳು ಒಪ್ಪುತ್ತಾರೆ. ಅವರಲ್ಲೂ ಎಷ್ಟೋ ಜನ ಕನ್ನಡ ಮೀಡಿಯಂನಿಂದಲೇ ಬಂದವರು.